ರೇಮಂಡ್ ಸ್ಕಾಟ್

ರೇಮಂಡ್ ಸ್ಕಾಟ್ (ಜನನ: ಸೆಪ್ಟೆಂಬರ್ 10, 1908 – ಮರಣ: ಫೆಬ್ರವರಿ 8, 1994) ಅಮೆರಿಕದ ಸಂಗೀತ ಸಂಯೋಜಕರು, ಪಿಯಾನೊ ವಾದಕರು, ವಾದ್ಯವೃಂದದ ನಿರ್ದೇಶಕರು ಹಾಗೂ ವಿದ್ಯುನ್ಮಾನ ಸಂಗೀತೋಪಕರಣಗಳ ಆವಿಷ್ಕಾರಕರು. ಸ್ವರಗಳನ್ನು ಮೊದಲೇ ಗೊತ್ತುಪಡಿಸಿದ ಕ್ರಮದಲ್ಲಿ ತಾನಾಗಿಯೇ ನುಡಿಸುವ ಸೀಕ್ವೆನ್ಸರ್ ಎಂಬ ಉಪಕರಣವನ್ನು ಮೊತ್ತಮೊದಲು ನಿರ್ಮಿಸಿದವರಲ್ಲಿ ಅವರೂ ಒಬ್ಬರು. 1930ರ ದಶಕದಲ್ಲಿ ಅವರು ರಚಿಸಿದ ಕೃತಿಗಳು ಮುಂದೆ ವಾರ್ನರ್ ಬ್ರದರ್ಸ್ ಸಂಸ್ಥೆಯ ವ್ಯಂಗ್ಯಚಲನಚಿತ್ರಗಳ ಮೂಲಕ ಜಗತ್ತಿನ ಮನೆಮನೆಗೂ ತಲುಪಿದವು. ಆದರೆ ತಮ್ಮ ಯಂತ್ರಗಳ ವಿವರಗಳನ್ನು ಗುಟ್ಟಾಗಿ ಇಟ್ಟುಕೊಂಡಿದ್ದರಿಂದ ವಿದ್ಯುನ್ಮಾನ ಸಂಗೀತದ ಇತಿಹಾಸದಲ್ಲಿ ಅವರ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು.

## ಜನನ ಮತ್ತು ಶಿಕ್ಷಣ

ಸ್ಕಾಟ್ ಅವರ ಜನ್ಮನಾಮ ಹ್ಯಾರಿ ವಾರ್ನೋ. ರಷ್ಯಾದಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗನಾಗಿ ಅವರು ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಜನಿಸಿದರು. ತಂದೆ ಪಿಟೀಲು ನುಡಿಸಬಲ್ಲವರಾಗಿದ್ದರು. ಅಣ್ಣ ಮಾರ್ಕ್ ವಾರ್ನೋ ಪಿಟೀಲು ವಾದಕರಾಗಿ, ಬಳಿಕ ಬಾನುಲಿ ವಾದ್ಯವೃಂದದ ನಿರ್ದೇಶಕರಾಗಿ ಹೆಸರು ಗಳಿಸಿದರು.

ಬ್ರೂಕ್ಲಿನ್ ತಾಂತ್ರಿಕ ಪ್ರೌಢಶಾಲೆಯಲ್ಲಿ ಓದಿದ ಹ್ಯಾರಿಗೆ ಎಂಜಿನಿಯರ್ ಆಗುವ ಹಂಬಲವಿತ್ತು. ಅಣ್ಣನ ಒತ್ತಾಸೆಯಿಂದ ಅವರು ಮುಂದೆ ಜೂಲಿಯಾರ್ಡ್ ಶಾಲೆಯ ಭಾಗವಾದ ಇನ್‌ಸ್ಟಿಟ್ಯೂಟ್ ಆಫ್ ಮ್ಯೂಸಿಕಲ್ ಆರ್ಟ್ ಸೇರಿ, 1931ರಲ್ಲಿ ಪದವಿ ಪಡೆದರು. ಯಂತ್ರದ ಮೇಲಿನ ಒಲವು ಮಾತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಸಂಗೀತ ಮತ್ತು ಎಂಜಿನಿಯರಿಂಗ್ ಎರಡೂ ಅವರ ಬಾಳಿನಲ್ಲಿ ಜೊತೆಜೊತೆಯಾಗಿಯೇ ಸಾಗಿದವು.

ಪದವಿಯ ನಂತರ ಅವರು ಸಿಬಿಎಸ್ ಬಾನುಲಿ ಜಾಲದಲ್ಲಿ ಪಿಯಾನೊ ವಾದಕರಾಗಿ ಸೇರಿದರು. ಅಲ್ಲಿನ ವಾದ್ಯವೃಂದವನ್ನು ಅಣ್ಣನೇ ನಡೆಸುತ್ತಿದ್ದುದರಿಂದ ಸ್ವಜನಪಕ್ಷಪಾತದ ಆರೋಪ ಬಾರದಿರಲೆಂದು ಹ್ಯಾರಿ ತಮ್ಮ ಹೆಸರನ್ನು ರೇಮಂಡ್ ಸ್ಕಾಟ್ ಎಂದು ಬದಲಿಸಿಕೊಂಡರು.

## ಕ್ವಿಂಟೆಟ್ ತಂಡ

1936ರ ಕೊನೆಯಲ್ಲಿ ಸ್ಕಾಟ್ ಸಿಬಿಎಸ್‌ನ ವಾದಕರನ್ನೇ ಆಯ್ದು ತಮ್ಮದೇ ತಂಡ ಕಟ್ಟಿದರು. ತಂಡದಲ್ಲಿ ಆರು ಮಂದಿ ಇದ್ದರೂ ಅದಕ್ಕೆ ಐವರ ತಂಡ ಎಂಬ ಅರ್ಥದ ಕ್ವಿಂಟೆಟ್ ಎಂಬ ಹೆಸರನ್ನೇ ಇಟ್ಟರು. ಡ್ರಮ್ ನುಡಿಸುತ್ತಿದ್ದ ಜಾನಿ ವಿಲಿಯಮ್ಸ್ ಇಂದಿನ ಪ್ರಸಿದ್ಧ ಚಲನಚಿತ್ರ ಸಂಗೀತ ಸಂಯೋಜಕ ಜಾನ್ ವಿಲಿಯಮ್ಸ್ ಅವರ ತಂದೆ. ಪವರ್‌ಹೌಸ್, ದಿ ಟಾಯ್ ಟ್ರಂಪೆಟ್, ಟ್ವಿಲೈಟ್ ಇನ್ ಟರ್ಕಿ ಮುಂತಾದ ಕೃತಿಗಳು ಈ ತಂಡಕ್ಕೆ ಅಪಾರ ಜನಪ್ರಿಯತೆ ತಂದುಕೊಟ್ಟವು. ಇವುಗಳಲ್ಲಿ ಟಾಯ್ ಟ್ರಂಪೆಟ್ ಕೃತಿಯನ್ನು 1938ರ ಒಂದು ಚಲನಚಿತ್ರದಲ್ಲಿ ಬಾಲನಟಿ ಶರ್ಲಿ ಟೆಂಪಲ್ ಹಾಡಿದರು.

ತಂಡದ ಅಭ್ಯಾಸಕ್ರಮ ಅಂದಿನ ಜಾಝ್ ಪದ್ಧತಿಗೆ ತೀರ ಭಿನ್ನವಾಗಿತ್ತು. ಸ್ಕಾಟ್ ಸ್ವರಲಿಪಿ ಬರೆದು ಕೊಡುತ್ತಿರಲಿಲ್ಲ. ಪಿಯಾನೊದಲ್ಲಿ ನುಡಿಸಿ ಅಥವಾ ಬಾಯಲ್ಲಿ ಗುನುಗಿ ಒಂದೊಂದು ಪಂಕ್ತಿಯನ್ನೂ ವಾದಕರಿಗೆ ಕಲಿಸುತ್ತಿದ್ದರು. ಅಭ್ಯಾಸವನ್ನು ತಟ್ಟೆಗಳಲ್ಲಿ ಧ್ವನಿಮುದ್ರಿಸಿ, ಮತ್ತೆ ಮತ್ತೆ ಕೇಳಿ, ಬೇಡವಾದುದನ್ನು ಬಿಟ್ಟು ಬೇಕಾದುದನ್ನು ಜೋಡಿಸುತ್ತಿದ್ದರು. ಅಭ್ಯಾಸದ ಹಂತದಲ್ಲಿ ವಾದಕರ ಮನೋಧರ್ಮಕ್ಕೆ ಎಡೆಯಿತ್ತು. ಆದರೆ ಕೃತಿ ಒಮ್ಮೆ ರೂಪುಗೊಂಡ ಮೇಲೆ ವೇದಿಕೆಯಲ್ಲಿ ಒಂದು ಸ್ವರವನ್ನೂ ಬದಲಿಸುವಂತಿರಲಿಲ್ಲ. ಈ ಕಟ್ಟುನಿಟ್ಟಿನಿಂದ ವಾದಕರು ಬೇಸತ್ತರು. ಮನೋಧರ್ಮವೇ ಜಾಝ್‌ನ ಜೀವಾಳವೆಂದು ನಂಬಿದ್ದ ವಿಮರ್ಶಕರು ಇದನ್ನು ಜಾಝ್ ಎಂದು ಒಪ್ಪಲಿಲ್ಲ. ಶ್ರೋತೃಗಳು ಮಾತ್ರ ಧ್ವನಿಮುದ್ರಿಕೆಗಳನ್ನು ಮುಗಿಬಿದ್ದು ಕೊಂಡರು.

## ಬಾನುಲಿ, ರಂಗಭೂಮಿ ಮತ್ತು ವ್ಯಂಗ್ಯಚಲನಚಿತ್ರ

1939ರಲ್ಲಿ ಸ್ಕಾಟ್ ತಂಡವನ್ನು ದೊಡ್ಡ ವಾದ್ಯವೃಂದವಾಗಿ ವಿಸ್ತರಿಸಿದರು. 1942ರಲ್ಲಿ ಸಿಬಿಎಸ್‌ನ ಸಂಗೀತ ನಿರ್ದೇಶಕರಾದ ಮೇಲೆ ವರ್ಣಭೇದವನ್ನು ಬದಿಗಿಟ್ಟು ಕರಿಯ ಮತ್ತು ಬಿಳಿಯ ವಾದಕರು ಒಟ್ಟಿಗೆ ನುಡಿಸುವ ಬಾನುಲಿ ವಾದ್ಯವೃಂದವನ್ನು ರಚಿಸಿದರು. ಅಮೆರಿಕದ ಬಾನುಲಿ ಜಾಲಗಳಲ್ಲಿ ಇದು ಹೊಸ ಹೆಜ್ಜೆಯಾಗಿತ್ತು. ಬೆನ್ ವೆಬ್‌ಸ್ಟರ್, ಚಾರ್ಲಿ ಶೇವರ್ಸ್, ಕೋಜಿ ಕೋಲ್ ಮೊದಲಾದ ಹೆಸರಾಂತ ಜಾಝ್ ಕಲಾವಿದರು ಅದರಲ್ಲಿದ್ದರು. 1946ರಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ಪ್ರದರ್ಶನಗೊಂಡ ಲ್ಯೂಟ್ ಸಾಂಗ್ ನಾಟಕಕ್ಕೆ ಅವರು ಸಂಗೀತ ನೀಡಿದರು.

1943ರಲ್ಲಿ ಸ್ಕಾಟ್ ತಮ್ಮ ಕೃತಿಗಳ ಪ್ರಕಾಶನ ಹಕ್ಕನ್ನು ವಾರ್ನರ್ ಬ್ರದರ್ಸ್ ಸಂಸ್ಥೆಗೆ ಮಾರಿದರು. ಆ ಸಂಸ್ಥೆಯ ವ್ಯಂಗ್ಯಚಲನಚಿತ್ರಗಳಿಗೆ ಸಂಗೀತ ಒದಗಿಸುತ್ತಿದ್ದ ಕಾರ್ಲ್ ಸ್ಟಾಲಿಂಗ್, ಬಗ್ಸ್ ಬನ್ನಿ, ಡ್ಯಾಫಿ ಡಕ್ ಮುಂತಾದ ಪಾತ್ರಗಳ ಸಾಹಸಗಳಿಗೆ ಆ ಕೃತಿಗಳನ್ನು ಧಾರಾಳವಾಗಿ ಬಳಸಿದರು. ಪವರ್‌ಹೌಸ್ ಕೃತಿಯ ನಡುಭಾಗವು ಕಾರ್ಖಾನೆಯ ಯಂತ್ರಗಳು ಓಡುವ ದೃಶ್ಯಕ್ಕೆ ಸಂಕೇತವೇ ಆಗಿಹೋಯಿತು. ಸ್ಕಾಟ್ ಅವರಾದರೋ ಇವುಗಳಲ್ಲಿ ಒಂದನ್ನೂ ವ್ಯಂಗ್ಯಚಲನಚಿತ್ರಕ್ಕಾಗಿ ರಚಿಸಿರಲಿಲ್ಲ.

1949ರಲ್ಲಿ ಮಾರ್ಕ್ ನಿಧನರಾದ ಮೇಲೆ, ಅಣ್ಣ ನಡೆಸುತ್ತಿದ್ದ ಯುವರ್ ಹಿಟ್ ಪರೇಡ್ ಕಾರ್ಯಕ್ರಮದ ವಾದ್ಯವೃಂದದ ಹೊಣೆ ಸ್ಕಾಟ್ ಅವರ ಹೆಗಲಿಗೆ ಬಂತು. ಕಾರ್ಯಕ್ರಮವು ದೂರದರ್ಶನಕ್ಕೆ ಬಂದಾಗಲೂ ಅವರು ಮುಂದುವರಿದು, 1957ರವರೆಗೆ ಅದರಲ್ಲಿದ್ದರು. ಅದರ ಗಾಯಕಿ ಡೊರೊಥಿ ಕಾಲಿನ್ಸ್ ಅವರ ಎರಡನೆಯ ಪತ್ನಿ. ಈ ಕೆಲಸದಿಂದ ಬಂದ ಸಂಪಾದನೆಯ ಬಹುಪಾಲನ್ನು ಸ್ಕಾಟ್ ತಮ್ಮ ಪ್ರಯೋಗಶಾಲೆಗೆ ಸುರಿದರು.

## ವಿದ್ಯುನ್ಮಾನ ಉಪಕರಣಗಳು

1946ರಲ್ಲಿ ಸ್ಕಾಟ್ ಮ್ಯಾನ್‌ಹಟನ್ ರಿಸರ್ಚ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಧ್ವನಿಪರಿಣಾಮಗಳನ್ನು ಸೃಷ್ಟಿಸುವ ಕಾರ್ಲಾಫ್ ಎಂಬ ಯಂತ್ರ ಅಲ್ಲಿನ ಮೊದಲ ನಿರ್ಮಾಣಗಳಲ್ಲೊಂದು. ಭಯಾನಕ ಚಿತ್ರಗಳ ನಟ ಬೋರಿಸ್ ಕಾರ್ಲಾಫ್ ಅವರ ಹೆಸರನ್ನೇ ಅದಕ್ಕೆ ಇಡಲಾಗಿತ್ತು.

1950ರ ದಶಕದ ನಡುವಿನಲ್ಲಿ ರಾಬರ್ಟ್ ಮೂಗ್ ಎಂಬ ತರುಣ ತನ್ನ ತಂದೆಯೊಡನೆ ಸ್ಕಾಟ್ ಅವರ ಪ್ರಯೋಗಶಾಲೆಗೆ ಬಂದನು. ಮುಟ್ಟದೆಯೇ ಕೈ ಆಡಿಸಿ ನುಡಿಸುವ ಥೆರೆಮಿನ್ ವಾದ್ಯವನ್ನು ತಯಾರಿಸಿ ಮಾರುತ್ತಿದ್ದ ಆ ತರುಣನಿಂದ ಸ್ಕಾಟ್ ಅದರ ಮಂಡಲಗಳನ್ನು ಕೊಂಡರು. ಅವನ್ನು ಬಳಸಿ ಅವರು ಕ್ಲಾವಿವಾಕ್ಸ್ ಎಂಬ ವಾದ್ಯವನ್ನು ರೂಪಿಸಿದರು. ಸಾಮಾನ್ಯ ಕೀಲಿಮಣೆಯ ವಾದ್ಯದಲ್ಲಿ ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವುದು ಸಾಧ್ಯವಿಲ್ಲ. ಕ್ಲಾವಿವಾಕ್ಸ್‌ನಲ್ಲಿ ಆ ಜಾರು ಸಾಧ್ಯವಾಯಿತು. ಮುಂದೆ ಮೂಗ್ ತಮ್ಮ ಹೆಸರಿನ ಸಿಂಥಸೈಜರ್‌ನಿಂದ ಜಗದ್ವಿಖ್ಯಾತರಾದರು. ತಮ್ಮ ಮೇಲೆ ಸ್ಕಾಟ್ ಅವರ ಪ್ರಭಾವವಿದ್ದುದನ್ನು ಅವರು ಮುಕ್ತವಾಗಿ ಒಪ್ಪಿಕೊಂಡಿದ್ದಾರೆ.

ಸ್ಕಾಟ್ ಅವರ ಮೊದಲ ಸೀಕ್ವೆನ್ಸರ್ ಗೋಡೆಯಷ್ಟು ದೊಡ್ಡದಾಗಿತ್ತು. ನೂರಾರು ಸ್ವಿಚ್ಚುಗಳು, ರಿಲೇಗಳು ಮತ್ತು ಸ್ವರ ಹುಟ್ಟಿಸುವ ಆಸಿಲೇಟರ್‌ಗಳು ಅದರಲ್ಲಿದ್ದವು. ರಿಲೇಗಳು ಒಂದಾದಮೇಲೊಂದು ಬಡಿದುಕೊಂಡಂತೆ ಗೊತ್ತುಪಡಿಸಿದ ಸ್ವರಗಳು ಸರದಿಯಲ್ಲಿ ಕೇಳಿಬರುತ್ತಿದ್ದವು. ರಿಲೇಗಳ ಟಕಟಕ ಸದ್ದು ಕೋಣೆಯನ್ನೆಲ್ಲ ತುಂಬುತ್ತಿತ್ತು. ಸರ್ಕಲ್ ಮಷೀನ್ ಎಂಬ ಮತ್ತೊಂದು ಯಂತ್ರದಲ್ಲಿ ದೀಪಗಳನ್ನು ವೃತ್ತಾಕಾರವಾಗಿ ಜೋಡಿಸಲಾಗಿತ್ತು. ದ್ಯುತಿಕೋಶವೊಂದು ಅವುಗಳ ಮೇಲೆ ಸುತ್ತುತ್ತ ಪ್ರತಿ ದೀಪದ ಬೆಳಕನ್ನೂ ಗ್ರಹಿಸುತ್ತಿತ್ತು. ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಧ್ವನಿ ಬದಲಾಗುತ್ತಿತ್ತು. ದೀಪದ ಪ್ರಖರತೆಯನ್ನು ಹೆಚ್ಚುಕಡಿಮೆ ಮಾಡಿದರೆ ಆ ಸ್ಥಾನದ ಸ್ವರ ಬದಲಾಗುವುದು. ಸುತ್ತುವ ವೇಗವನ್ನು ಹೆಚ್ಚಿಸಿದರೆ ಕಾಲಪ್ರಮಾಣ ಏರುವುದು. ಯಂತ್ರ ಓಡುತ್ತಿರುವಾಗಲೇ ಇವೆಲ್ಲವನ್ನೂ ಮಾಡಬಹುದಾಗಿತ್ತು.

ಈ ಯಂತ್ರಗಳಿಂದ ಹೊಮ್ಮಿದ ಸಂಗೀತ ಹೆಚ್ಚಾಗಿ ಬಳಕೆಯಾದುದು ಜಾಹೀರಾತುಗಳಲ್ಲಿ. 1960ರ ದಶಕದಲ್ಲಿ ಬೊಂಬೆಯಾಟದ ಖ್ಯಾತಿಯ ಜಿಮ್ ಹೆನ್ಸನ್ ತಯಾರಿಸಿದ ಕಿರುಚಿತ್ರಗಳಿಗೂ ಸ್ಕಾಟ್ ಸಂಗೀತ ಒದಗಿಸಿದರು. ಶಿಶುಗಳನ್ನು ಸಂತೈಸುವ ಸಲುವಾಗಿ ಸೂದಿಂಗ್ ಸೌಂಡ್ಸ್ ಫಾರ್ ಬೇಬಿ ಎಂಬ ಮೂರು ಸಂಪುಟಗಳ ಧ್ವನಿಮುದ್ರಿಕೆಯನ್ನು ಹೊರತಂದರು. ಒಂದೇ ಸ್ವರವಿನ್ಯಾಸವನ್ನು ಸೂಕ್ಷ್ಮ ಬದಲಾವಣೆಗಳೊಂದಿಗೆ ದೀರ್ಘಕಾಲ ಪುನರಾವರ್ತಿಸುವ ಈ ಸಂಗೀತಕ್ಕೆ ಅಂದು ಕೇಳುಗರು ಸಿಗಲಿಲ್ಲ. ನಂತರದ ವಿಮರ್ಶಕರು ಅದರಲ್ಲಿ ಮಿನಿಮಲ್ ಸಂಗೀತದ ಮುನ್ಸೂಚನೆಯನ್ನು ಗುರುತಿಸಿದರು.

## ಎಲೆಕ್ಟ್ರೋನಿಯಂ ಮತ್ತು ಅದನ್ನು ನಡೆಸುವ ವಿಧಾನ

1959ರ ಸುಮಾರಿಗೆ ಆರಂಭಿಸಿ ಒಂದು ದಶಕಕ್ಕೂ ಹೆಚ್ಚು ಕಾಲ ಸ್ಕಾಟ್ ದುಡಿದುದು ಎಲೆಕ್ಟ್ರೋನಿಯಂ ಎಂಬ ಯಂತ್ರಕ್ಕಾಗಿ. ಇದಕ್ಕೆ ಕೀಲಿಮಣೆ ಇರಲಿಲ್ಲ. ಸಾಲುಸಾಲು ಸ್ವಿಚ್ಚುಗಳೂ ಗುಂಡಿಗಳೂ ಇದ್ದವು. ನಡೆಸುವವನು ಮೊದಲು ಯಂತ್ರದಿಂದ ಒಂದು ಸ್ವರವಿನ್ಯಾಸದ ಸಲಹೆಯನ್ನು ಕೇಳುತ್ತಿದ್ದನು. ಅದು ಹಿಡಿಸದಿದ್ದರೆ ಬೇರೊಂದನ್ನು ಕೇಳುವುದು, ಹಿಡಿಸಿದರೆ ಅದನ್ನೇ ಉಳಿಸಿಕೊಂಡು ಬೆಳೆಸುವುದು ಕ್ರಮ. ವೇಗ ಹೆಚ್ಚಿಸು, ನಿಧಾನಿಸು, ಪುನರಾವರ್ತಿಸು, ಶ್ರುತಿ ಬದಲಿಸು, ಮತ್ತೊಂದು ಪಂಕ್ತಿಯನ್ನು ಜೊತೆಗೂಡಿಸು ಎಂಬಂತಹ ಸೂಚನೆಗಳನ್ನು ಸಂಗೀತ ನಡೆಯುತ್ತಿರುವಾಗಲೇ ಕೊಡಬಹುದಾಗಿತ್ತು. ಹೀಗೆ ಸಂಯೋಜನೆ ಮತ್ತು ವಾದನ ಏಕಕಾಲದಲ್ಲಿ ನಡೆಯುತ್ತಿದ್ದವು. ಎಲೆಕ್ಟ್ರೋನಿಯಂ ತನ್ನನ್ನು ನಡೆಸುವವನ ಆಜ್ಞೆಯನ್ನು ಪಾಲಿಸುವ ಸಾಧನವಷ್ಟೇ ಆಗಿರಲಿಲ್ಲ, ಸಹವಾದಕನಂತೆ ಪ್ರತಿಕ್ರಿಯಿಸುತ್ತಿತ್ತು. ಮನುಷ್ಯರಿಂದ ಯಂತ್ರದ ಖಚಿತತೆಯನ್ನು ಬೇಡಿದ್ದ ಸ್ಕಾಟ್, ಕೊನೆಗೆ ಯಂತ್ರದಿಂದ ಮನೋಧರ್ಮವನ್ನು ಬಯಸಿದರು.

ಇಂದು ಅಂಗೈಯಲ್ಲಿ ಹಿಡಿಯಬಹುದಾದ ಸೀಕ್ವೆನ್ಸರ್‌ಗಳನ್ನು ವೇದಿಕೆಯಲ್ಲಿ ನುಡಿಸುವ ಕ್ರಮವೂ ಇದನ್ನೇ ಹೋಲುತ್ತದೆ. ಕಲಾವಿದರು ಸಾಮಾನ್ಯವಾಗಿ 16 ಹೆಜ್ಜೆಗಳ ಒಂದು ವಿನ್ಯಾಸವನ್ನು ಆವರ್ತನವಾಗಿ ಓಡಲು ಬಿಡುತ್ತಾರೆ. ಬಳಿಕ ಒಂದು ಭಾಗವನ್ನು ಮೌನಗೊಳಿಸುವುದು, ಒಂದೆರಡು ಹೆಜ್ಜೆಗಳ ಸ್ವರವನ್ನು ಬದಲಿಸುವುದು, ಆವರ್ತನವನ್ನು ಮೊಟಕುಗೊಳಿಸುವುದು, ಹೊಸ ವಿನ್ಯಾಸಕ್ಕೆ ದಾಟುವುದು ಇವುಗಳ ಮೂಲಕ ಸಂಗೀತವನ್ನು ಬೆಳೆಸುತ್ತಾರೆ. ಬೆರಳು ಒಂದೊಂದು ಸ್ವರವನ್ನೂ ನುಡಿಸುವುದಿಲ್ಲ. ಓಡುತ್ತಿರುವ ಸಂಗೀತವನ್ನು ತಿದ್ದುತ್ತದೆ. ಗೋಡೆಯಷ್ಟು ದೊಡ್ಡ ಯಂತ್ರಗಳ ಮುಂದೆ ನಿಂತು ಸ್ಕಾಟ್ ಮಾಡುತ್ತಿದ್ದುದೂ ಇದನ್ನೇ.

## ಮೋಟೌನ್ ಮತ್ತು ಕೊನೆಯ ದಿನಗಳು

ಮೋಟೌನ್ ಧ್ವನಿಮುದ್ರಣ ಸಂಸ್ಥೆಯ ಸ್ಥಾಪಕ ಬೆರಿ ಗೋರ್ಡಿ ಎಲೆಕ್ಟ್ರೋನಿಯಂ ಅನ್ನು ನೋಡಿ ಮೆಚ್ಚಿ, ತಮ್ಮ ಸಂಸ್ಥೆಗಾಗಿ ಒಂದನ್ನು ನಿರ್ಮಿಸಿಕೊಡುವಂತೆ ಕೇಳಿದರು. 1971ರಲ್ಲಿ ಸ್ಕಾಟ್ ಅವರನ್ನು ವಿದ್ಯುನ್ಮಾನ ಸಂಗೀತ ವಿಭಾಗದ ಮುಖ್ಯಸ್ಥರಾಗಿ ನೇಮಿಸಿಕೊಂಡರು. ಸ್ಕಾಟ್ ಮೂರನೆಯ ಪತ್ನಿ ಮಿಟ್ಜಿ ಅವರೊಡನೆ ಲಾಸ್ ಏಂಜಲೀಸ್‌ಗೆ ನೆಲೆ ಬದಲಿಸಿ 1977ರವರೆಗೆ ಅಲ್ಲಿ ದುಡಿದರು. ಯಂತ್ರವನ್ನು ಎಷ್ಟು ಸುಧಾರಿಸಿದರೂ ಅವರಿಗೆ ತೃಪ್ತಿ ಇರಲಿಲ್ಲ. ಅದು ಎಂದೂ ಮಾರುಕಟ್ಟೆಗೆ ಬರಲಿಲ್ಲ.

ಆವಿಷ್ಕಾರಗಳನ್ನು ಇತರರು ನಕಲು ಮಾಡಬಹುದೆಂಬ ಆತಂಕದಿಂದ ಸ್ಕಾಟ್ ಅವುಗಳ ಬಗ್ಗೆ ಹೆಚ್ಚು ಪ್ರಕಟಿಸಲಿಲ್ಲ. 1960ರ ದಶಕದಲ್ಲಿ ಬುಕ್ಲಾ ಮತ್ತು ಮೂಗ್ ಅವರ ಸೀಕ್ವೆನ್ಸರ್‌ಗಳು ಮಾರುಕಟ್ಟೆಗೆ ಬಂದು ಸಂಗೀತಗಾರರ ಕೈಸೇರಿದಾಗ ಜನ ಅವರನ್ನೇ ಗುರುತಿಸಿದರು. 1987ರಲ್ಲಿ ಸ್ಕಾಟ್ ಪಾರ್ಶ್ವವಾಯುವಿಗೆ ತುತ್ತಾಗಿ ಮಾತು ಮತ್ತು ಕೆಲಸ ಎರಡನ್ನೂ ಕಳೆದುಕೊಂಡರು. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು.

## ನಂತರದ ಮನ್ನಣೆ

1992ರಲ್ಲಿ ಕ್ವಿಂಟೆಟ್ ಕೃತಿಗಳ ಸಂಕಲನವೊಂದು ಹೊರಬಂದು ಸ್ಕಾಟ್ ಅವರ ಸಂಗೀತದ ಬಗ್ಗೆ ಮತ್ತೆ ಆಸಕ್ತಿ ಮೂಡಿಸಿತು. 2000ದಲ್ಲಿ ಅವರ ವಿದ್ಯುನ್ಮಾನ ಕೃತಿಗಳು ಮ್ಯಾನ್‌ಹಟನ್ ರಿಸರ್ಚ್ ಹೆಸರಿನ ಸಂಕಲನವಾಗಿ ಪ್ರಕಟವಾದ ಮೇಲೆ ಆವಿಷ್ಕಾರಕರಾಗಿ ಅವರ ಸ್ಥಾನ ಸ್ಪಷ್ಟವಾಯಿತು. 2006ರಲ್ಲಿ ಹಿಪ್‌ಹಾಪ್ ಕಲಾವಿದ ಜೆ ಡಿಲ್ಲಾ ತಮ್ಮ ಡೋನಟ್ಸ್ ಧ್ವನಿಮುದ್ರಿಕೆಯಲ್ಲಿ ಸ್ಕಾಟ್ ಅವರ ಜಾಹೀರಾತು ಸಂಗೀತದ ತುಣುಕನ್ನು ಬಳಸಿಕೊಂಡರು. ಮಗ ಸ್ಟಾನ್ ವಾರ್ನೋ ತಂದೆಯ ಬದುಕನ್ನು ಕುರಿತು ಡೀಕನ್‌ಸ್ಟ್ರಕ್ಟಿಂಗ್ ಡ್ಯಾಡ್ ಎಂಬ ಸಾಕ್ಷ್ಯಚಿತ್ರ ನಿರ್ಮಿಸಿದರು. ಸ್ಕಾಟ್ ಅವರ ಧ್ವನಿಮುದ್ರಣಗಳ ಸಂಗ್ರಹವು ಕ್ಯಾನ್ಸಸ್ ಸಿಟಿಯಲ್ಲಿರುವ ಮಿಸೌರಿ ವಿಶ್ವವಿದ್ಯಾಲಯದಲ್ಲಿದೆ. ಕೆಟ್ಟು ನಿಂತ ಎಲೆಕ್ಟ್ರೋನಿಯಂ ಅನ್ನು ಡೀವೊ ತಂಡದ ಮಾರ್ಕ್ ಮದರ್ಸ್‌ಬಾ ಕೊಂಡು ಕಾಪಾಡಿದ್ದಾರೆ.