ನೌಶೇರಾ ಕಾಯ್ದ ಬ್ರಿಗೇಡಿಯರ್ ಉಸ್ಮಾನ್

ಪಿಯುಸಿ ಮುಗಿದ ಮೇಲೆ ಗಡಿ ಭದ್ರತಾ ಪಡೆ ಸೇರಬೇಕೆಂಬುದು ನನ್ನ ಆಸೆ. ಫಜ್ರ್ ನಮಾಜ್ ಮುಗಿಸಿ ದಿನಾ ಮೈದಾನದಲ್ಲಿ ಓಡುತ್ತೇನೆ. ಎತ್ತರ, ಎದೆಯ ಸುತ್ತಳತೆ ಸಾಲುತ್ತವೆ. ನನ್ನ ಅಳುಕೆಲ್ಲ ನಾಲಿಗೆಯದು. ಅವಸರದಲ್ಲಿ ಮಾತಾಡಿದರೆ ತೊದಲುತ್ತೇನೆ. ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರಿಗೂ ಬಾಲ್ಯದಲ್ಲಿ ತೊದಲಿತ್ತು ಎಂದು ತಿಳಿದ ದಿನದಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ಅವರು ಹುಟ್ಟಿದ್ದು 1912ರ ಜುಲೈ 15ರಂದು, ಇಂದಿನ ಉತ್ತರ ಪ್ರದೇಶದ ಬೀಬಿಪುರದಲ್ಲಿ. ತಂದೆ ಪೊಲೀಸ್ ಅಧಿಕಾರಿ. ಹನ್ನೆರಡನೇ ವಯಸ್ಸಿನಲ್ಲೇ ಬಾವಿಗೆ ಬಿದ್ದ ಮಗುವನ್ನು ಧುಮುಕಿ ಉಳಿಸಿದರಂತೆ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1934ರಲ್ಲಿ ಅಧಿಕಾರಿಯಾದರು. ಮರುವರ್ಷ ಬಲೂಚ್ ರೆಜಿಮೆಂಟ್ ಸೇರಿ ವಾಯವ್ಯ ಗಡಿಯ ಬೆಟ್ಟಗಳಲ್ಲಿ ದುಡಿದರು. ಅಲ್ಲಿ ಕಲಿತದ್ದು ಮುಂದೆ ನೌಶೇರಾದಲ್ಲಿ ಕೈಹಿಡಿದಿರಬೇಕು ಎಂಬುದು ನನ್ನ ಊಹೆ.

1947ರಲ್ಲಿ ದೇಶದ ಜೊತೆ ಸೈನ್ಯವೂ ಪಾಲಾಯಿತು. ಬಲೂಚ್ ರೆಜಿಮೆಂಟ್ ಪಾಕಿಸ್ತಾನಕ್ಕೆ ಹೋಯಿತು, ಉಸ್ಮಾನ್ ಹೋಗಲಿಲ್ಲ. ಭಾರತದಲ್ಲೇ ಉಳಿದು ಡೋಗ್ರಾ ರೆಜಿಮೆಂಟಿಗೆ ಬಂದರು. ನಾನು ಪಡೆ ಸೇರುತ್ತೇನೆ ಅಂದಾಗ ಕೆಲವರು ಒಂದು ಥರ ನಗುತ್ತಾರೆ. ಆಗ ನನಗೆ ನೆನಪಾಗುವುದು ಈ ಸಂಗತಿಯೇ.

ಆ ವರ್ಷ ಡಿಸೆಂಬರ್ 25ರಂದು ಜಮ್ಮು ಭಾಗದ ಝಂಗರ್ ಶತ್ರುಗಳ ವಶವಾಯಿತು. ಅದನ್ನು ಮರಳಿ ಪಡೆಯುವ ತನಕ ಮಂಚದ ಮೇಲೆ ಮಲಗುವುದಿಲ್ಲವೆಂದು ಉಸ್ಮಾನ್ ಹಟ ತೊಟ್ಟರು. ಚಳಿಗಾಲದಲ್ಲೂ ನೆಲದ ಮೇಲೆ ಚಾಪೆಯೇ ಗತಿ. 50ನೇ ಪ್ಯಾರಾಶೂಟ್ ಬ್ರಿಗೇಡ್ ಅವರ ಕೈಯಲ್ಲಿತ್ತು. ಮೇಲಧಿಕಾರಿಯಾಗಿದ್ದ ನಮ್ಮ ಕೊಡಗಿನ ಕಾರಿಯಪ್ಪನವರು ಕೋಟ್ ಎಂಬ ಎತ್ತರದ ಜಾಗವನ್ನು ಗೆದ್ದುಕೊಡಲು ಕೇಳಿದಾಗ ಗೆದ್ದೇ ಕೊಟ್ಟರು. 1948ರ ಫೆಬ್ರವರಿ 6ರಂದು ಸಾವಿರಾರು ಮಂದಿ ನೌಶೇರಾದ ಮೇಲೆ ಏರಿಬಂದರೂ ಊರು ಬೀಳಲಿಲ್ಲ. ಶತ್ರುಗಳು ಅವರ ತಲೆಗೆ 50,000 ರೂಪಾಯಿ ಕಟ್ಟಿದರು. ಅವರು ಮಾತ್ರ ನೌಶೇರಾದ ಅನಾಥ ಹುಡುಗರನ್ನು ಕೂಡಿಸಿ ಬಾಲಕ ಸೇನೆ ಕಟ್ಟಿದ್ದರು. ಆ ಹುಡುಗರು ಸಂದೇಶ ಮುಟ್ಟಿಸುತ್ತಿದ್ದರು.

ಮಾರ್ಚ್‌ನಲ್ಲಿ ಝಂಗರ್ ಮರಳಿ ಸಿಕ್ಕಿತು. ಮಲಗೋಣವೆಂದರೆ ಬ್ರಿಗೇಡಿನಲ್ಲಿ ಮಂಚವೇ ಇಲ್ಲ! ಹತ್ತಿರದ ಹಳ್ಳಿಯಿಂದ ಒಂದನ್ನು ಎರವಲು ತಂದರಂತೆ.

ಜುಲೈ 3ರಂದು ಝಂಗರ್‌ನಲ್ಲೇ ಫಿರಂಗಿ ಗುಂಡು ಸಿಡಿದು ಅವರು ಹುತಾತ್ಮರಾದರು. 36 ತುಂಬಲು ಹನ್ನೆರಡು ದಿನ ಬಾಕಿಯಿತ್ತು. ಮದುವೆಯಾಗಿರಲಿಲ್ಲ. ಸಂಬಳದ ಹೆಚ್ಚಿನ ಪಾಲು ಬಡ ಮಕ್ಕಳ ಓದಿಗೆ ಹೋಗುತ್ತಿತ್ತು. ದೆಹಲಿಯಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ ಪ್ರಧಾನಿ ನೆಹರೂ ಬಂದಿದ್ದರು. ಸರ್ಕಾರ ಮಹಾವೀರ ಚಕ್ರ ನೀಡಿತು. ಜಾಮಿಯಾ ಮಿಲಿಯಾದ ಪಕ್ಕದ ಕಬರಸ್ತಾನದಲ್ಲಿ ಅವರ ಸಮಾಧಿ ಇದೆ.