ಪರ್ವತದ ಮಣ್ಣಿನ ಮೆಟ್ಟಿಲು ಕಂಡ ಡೊಕುಚಾಯೆವ್

ಮಣ್ಣೆಂದರೆ ಬಂಡೆ ಸವೆದು ಉಳಿದ ಪುಡಿ ಎಂದಷ್ಟೇ ಬಹುತೇಕರು ತಿಳಿದಿದ್ದ ಕಾಲದಲ್ಲಿ, ಅದಕ್ಕೂ ಹುಟ್ಟು, ಬೆಳವಣಿಗೆಗಳಿವೆ ಎಂದು ತೋರಿಸಿಕೊಟ್ಟವರು ರಷ್ಯಾದ ವಿಜ್ಞಾನಿ ವಸಿಲಿ ಡೊಕುಚಾಯೆವ್. ಆಧುನಿಕ ಮಣ್ಣು ವಿಜ್ಞಾನದ ಪಿತಾಮಹರೆಂದು ಜಗತ್ತು ಅವರನ್ನು ಗೌರವಿಸುತ್ತದೆ.

ಸ್ಮೋಲೆನ್‌ಸ್ಕ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ 1846ರಲ್ಲಿ ಪಾದ್ರಿಯ ಮಗನಾಗಿ ಜನಿಸಿದ ಅವರು, ಧಾರ್ಮಿಕ ವಿದ್ಯಾಭ್ಯಾಸವನ್ನು ತೊರೆದು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯ ಸೇರಿದರು. 1871ರಲ್ಲಿ ಪದವಿ ಪಡೆದರು. 1877 ಮತ್ತು 1878ರಲ್ಲಿ ಹುಲ್ಲುಗಾವಲು ಪ್ರದೇಶದಲ್ಲಿ ಸುಮಾರು ಹತ್ತು ಸಾವಿರ ಕಿಲೋಮೀಟರ್ ಸಂಚರಿಸಿ ಚೆರ್ನೋಜೆಮ್ ಎಂಬ ಕಪ್ಪು ಮಣ್ಣನ್ನು ಅಭ್ಯಸಿಸಿದರು. ಇದು ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಲ್ಲ; ಶತಮಾನಗಳ ಕಾಲ ಹುಲ್ಲಿನ ಬೇರು ಕೊಳೆತು ಕಪ್ಪಾದ ಮಣ್ಣು. ಹವೆ, ಮೂಲಶಿಲೆ, ಜೀವರಾಶಿ, ನೆಲದ ಏರಿಳಿತ ಹಾಗೂ ಕಾಲ, ಈ ಐದೂ ಸೇರಿ ಮಣ್ಣನ್ನು ರೂಪಿಸುತ್ತವೆ ಎಂಬುದು ಅವರ ಸಿದ್ಧಾಂತ. ಕಪ್ಪು ಮಣ್ಣನ್ನು ಕುರಿತ ಅವರ ಮಹಾಗ್ರಂಥ 1883ರಲ್ಲಿ ಪ್ರಕಟವಾಯಿತು.

1891ರಲ್ಲಿ ಅದೇ ಫಲವತ್ತಾದ ಸೀಮೆಯನ್ನು ಭೀಕರ ಬರ ಕಾಡಿತು; ಕ್ಷಾಮಕ್ಕೆ ಲಕ್ಷಾಂತರ ಜನ ಬಲಿಯಾದರು. ಡೊಕುಚಾಯೆವ್ ಕೈಕಟ್ಟಿ ಕೂರಲಿಲ್ಲ. ಕಾಮೆನ್ನಾಯಾ ಹುಲ್ಲುಗಾವಲಿನಲ್ಲಿ ಮರಗಳ ಸಾಲು ನೆಡಿಸಿ, ಕೆರೆಗಳನ್ನು ಕಟ್ಟಿಸಿ, ತೇವಾಂಶ ಕಾಯುವ ಪ್ರಯೋಗಕ್ಕೆ ನಾಂದಿ ಹಾಡಿದರು.

ಅವಿರತ ದುಡಿಮೆಯಿಂದ ಅವರ ಆರೋಗ್ಯ ಕುಸಿಯಿತು. 1897ರಲ್ಲಿ ಪತ್ನಿಯೂ ತೀರಿಕೊಂಡರು. ಆದರೂ ತುಸು ಚೇತರಿಸಿಕೊಂಡೊಡನೆ 1898ರಲ್ಲಿ ಕಾಕಸಸ್ ಪರ್ವತಗಳತ್ತ ಹೊರಟರು. ದಕ್ಷಿಣದಿಂದ ಉತ್ತರಕ್ಕೆ ಸಾಗಿದಂತೆ ಮಣ್ಣು ಬದಲಾಗುವುದಾದರೆ, ತಪ್ಪಲಿನಿಂದ ಶಿಖರಕ್ಕೆ ಏರಿದಂತೆಯೂ ಬದಲಾಗಬೇಕು ಎಂಬುದು ಅವರ ತರ್ಕವಾಗಿತ್ತು. ಏಕೆಂದರೆ ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಉಷ್ಣತೆ ಸುಮಾರು ಆರು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸಾಮಾನ್ಯವಾಗಿ ಒಂದು ಹಂತದವರೆಗೆ ಮಳೆಯೂ ಹೆಚ್ಚುತ್ತದೆ. ಮಳೆನೀರು ಸುಣ್ಣದಂಶವನ್ನು ತೊಳೆದೊಯ್ಯುವುದರಿಂದ ಮಣ್ಣು ಆಮ್ಲೀಯವಾಗುತ್ತದೆ. ಚಳಿಯಲ್ಲಿ ಎಲೆ, ಬೇರುಗಳು ನಿಧಾನವಾಗಿ ಕೊಳೆಯುವುದರಿಂದ ಸಾವಯವ ಅಂಶ ಸಂಗ್ರಹವಾಗುತ್ತದೆ.

ಕಾಕಸಸ್ ಅವರ ಊಹೆಯನ್ನು ದೃಢಪಡಿಸಿತು. ಒಣ ತಪ್ಪಲಿನ ತೆಳುಬಣ್ಣದ ಮಣ್ಣು, ಅದರ ಮೇಲೆ ಕಪ್ಪು ಮಣ್ಣು, ಬಳಿಕ ಕಾಡಿನ ಮಣ್ಣು, ಕೊನೆಗೆ ಹಿಮರೇಖೆಯ ಕೆಳಗೆ ಹುಲ್ಲುಮಾಳದ ಮಣ್ಣು ಪದರಪದರವಾಗಿ ಕಾಣಿಸಿದವು. ಈ ವಲಯ ತತ್ತ್ವವನ್ನು 1899ರಲ್ಲಿ ಅವರು ಪ್ರಕಟಿಸಿದರು.

ಮತ್ತೆ ಕಾಯಿಲೆ ಮರುಕಳಿಸಿತು. 1903ರಲ್ಲಿ, ತಮ್ಮ 57ನೇ ವಯಸ್ಸಿನಲ್ಲಿ ಅವರು ನಿಧನರಾದರು. ಬೆಟ್ಟದ ಯಾವ ಎತ್ತರದಲ್ಲಿ ಯಾವ ಬೆಳೆ, ಯಾವ ಮರ ಒಗ್ಗೀತು ಎಂದು ಲೆಕ್ಕ ಹಾಕುವವರು ಇಂದಿಗೂ ಅವರು ತೋರಿದ ಹಾದಿಯಲ್ಲೇ ನಡೆಯುತ್ತಿದ್ದಾರೆ.