ಲೆಕ್ಕದಲ್ಲಿ ಮಾಲೆ ಕಟ್ಟಿದ ಮಹಾವೀರಾಚಾರ್ಯರು

ಮಹಾವೀರ ಎಂದ ಕೂಡಲೇ ನಮಗೆ ಜೈನ ತೀರ್ಥಂಕರರು ನೆನಪಾಗುತ್ತಾರೆ. ನಾನು ಬರೆಯುತ್ತಿರುವುದು ಅದೇ ಹೆಸರಿನ ಇನ್ನೊಬ್ಬರ ವಿಷಯ. ಇವರು ನಮ್ಮ ಕನ್ನಡ ನಾಡಿನ ಗಣಿತಜ್ಞರು.

ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ ಇದ್ದರು. ಆಗ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದಲ್ಲಿ ನಮ್ಮ ಪುಲಿಗೆರೆಯ ಹೆಸರು ಐತಿ. ಪುಲಿಗೆರೆ ಅಂದ್ರ ಲಕ್ಷ್ಮೇಶ್ವರ. ಅದೇ ಅರಸನ ಕಾಲದಲ್ಲಿ ಇವರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಎಂಬ ಗ್ರಂಥ ಬರೆದರು. ಅದರಲ್ಲಿ ಅರಸನನ್ನು ಹೊಗಳಿದರು, ಗಣಿತವನ್ನು ಹೊಗಳಿದರು, ತಮ್ಮನ್ನು ಮಾತ್ರ ಹೊಗಳಿಕೊಳ್ಳಲಿಲ್ಲ. ಹಂಗಾಗಿ ಅವರ ಲೆಕ್ಕಗಳೇ ಅವರ ಚರಿತ್ರೆ.

ಅವರ ಲೆಕ್ಕಗಳಲ್ಲಿ ವ್ಯಾಪಾರಿಗಳು ಬರುತ್ತಾರೆ, ಹಣ್ಣು ಬರುತ್ತವೆ, ಬಡ್ಡಿ ಬರುತ್ತದೆ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಅವರು ಆಗಲೇ ಹೇಳಿದ್ದರು.

ನನಗೆ ಬಹಳ ಸೇರಿದ್ದು ಅವರ ಒಂದು ಗುಣಾಕಾರ. 27994681 × 441. ಉತ್ತರ 12345654321. ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಕಪ್ಪತಗುಡ್ಡ ಹತ್ತಿ ಇಳಿದಂಗ ಒಂದರಿಂದ ಆರಕ್ಕೆ ಹತ್ತಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಹಿಂದಿನಿಂದ ಓದಿದರೂ ಅದೇ ಸಂಖ್ಯೆ. ಹೀಗೆ ಎರಡೂ ಕಡೆಯಿಂದ ಒಂದೇ ತರ ಇರುವ ಕೆಲವು ಉತ್ತರಗಳನ್ನು ಅವರು ಕೊರಳಿನ ಹಾರ ಎಂದು ಕರೆದರು.

ಇದು ಮಂತ್ರ ಅಲ್ಲ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21 × 5291 = 111111. ಆದ್ದರಿಂದ ಉತ್ತರವು 111111ರ ವರ್ಗ. ಅದನ್ನು ಪಾಟಿಯ ಮೇಲೆ ಗುಣಿಸಿ ನೋಡ್ರಿ. ಆರು ಸಾಲು ಬರ್ತಾವ. ಒಂದೊಂದು ಸಾಲೂ ಒಂದೊಂದು ಮನೆ ಎಡಕ್ಕೆ ಸರಿಯುತ್ತದೆ. ಬಲತುದಿಯಲ್ಲಿ ಒಂದೇ 1, ಪಕ್ಕದಲ್ಲಿ ಎರಡು, ನಟ್ಟನಡುವೆ ಆರು, ಮತ್ತೆ ಇಳಿಯುತ್ತಾ ಒಂದು. ಯಾವ ಮನೆಯಲ್ಲೂ ಕೂಡಿದಾಗ 10 ಆಗುವುದಿಲ್ಲ. ಅದಕ್ಕೇ ಮಾಲೆ ಕೆಡುವುದಿಲ್ಲ.

ಈ ಗ್ರಂಥ ನೂರಾರು ವರ್ಷ ಕೈಬರಹದಲ್ಲೇ ಉಳಿಯಿತು. ಕನ್ನಡ ಲಿಪಿಯ ಓಲೆಗರಿಗಳೂ ಇದ್ದವು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು. ಬರೆಯುವವರು ಒಂದು ಅಂಕಿ ತಪ್ಪಿದರೂ ಈ ಗುಣಾಕಾರದಲ್ಲಿ ಮಾಲೆ ಬರುತ್ತಿರಲಿಲ್ಲ. ಸಾವಿರಕ್ಕೂ ಹೆಚ್ಚು ವರ್ಷದ ಮೇಲೆ ಇವತ್ತೂ ಸರಿಯಾಗಿ ಬರ್ತೈತಿ. ನಾನು ಎರಡು ಸಲ ಮಾಡಿ ನೋಡೀನಿ.

ಗಣಿತ ದೊಡ್ಡ ಊರಿನ ಸಾಲಿಯವರಿಗೆ, ನಮಗಲ್ಲ ಅಂತ ಕೆಲವರು ಅಂತಾರ. ಈ ಲೆಕ್ಕ ಹುಟ್ಟಿದ್ದು ನಮ್ಮ ನಾಡಿನಾಗ. ಅದನ್ನ ಮಾಡಾಕ ಒಂದು ಪಾಟಿ, ಒಂದು ಬಳಪ ಸಾಕು.

ಕೊನೆಗೆ ಒಂದು ಪ್ರಶ್ನೆ. ಒಂಬತ್ತು 1ಗಳ ತನಕ ವರ್ಗ ಮಾಡಿದರೆ ಹಿಂಗ ಏರಿ ಇಳಿಯುವ ಮಾಲೆ ಬರುತ್ತದೆ. ಹತ್ತು 1 ಇಟ್ಟರೆ ಕೆಡುತ್ತದೆ. ಯಾಕೆ? ಉತ್ತರ ಬರೆದು ಈ ಹಾಳೆಯ ಕೆಳಗೆ ಅಂಟಿಸಿರಿ.